ರಸಮಟ್ಟ

ಸುಂಟಿಕೊಪ್ಪದ ಗಾರೆಯವರೆಲ್ಲ ಹೋಂಸ್ಟೇ ಕಟ್ಟಲು ಹೋಗಿದ್ದಾರೆ.
ಫೋನ್ ಎತ್ತಿದವನೊಬ್ಬ ಕೇಳಿದ, ‘ಅಳತೆ ಎಷ್ಟಕ್ಕಾ?’
ಹತ್ತಕ್ಕೆ ಹನ್ನೊಂದಡಿ, ಅಂದೆ.
ನಕ್ಕನೋ, ಸಿಗ್ನಲ್ ಹೋಯಿತೋ.

ಸರಿ, ನಾನೇ ಹಾಕುತ್ತೇನೆ.
ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದ ಕೈ ಇದು.

ಟೈಲ್ಸೂ ಯಾವುದೋ ಹೋಂಸ್ಟೇಯದೇ, ಬಾತ್‌ರೂಮಿಗೆ ಹಾಕಿ ಮಿಕ್ಕಿದ್ದು.
ಎಂಟು ಪೆಟ್ಟಿಗೆ, ಬಾದಾಮಿ ಬಣ್ಣ.
ಏಳು ಒಂದೇ ಥಾನು, ಒಂದು ಬೇರೆ:
ಬಿಸಿಲಿಗೆ ಹಿಡಿದರೆ ಮಾತ್ರ ಗೊತ್ತಾಗುತ್ತದೆ,
ಗೊತ್ತಾದ ಮೇಲೆ ಮರೆಯಲು ಆಗುವುದಿಲ್ಲ.

ಪಕ್ಕದ ಮನೆಯ ಮೊಯ್ದಿಕ್ಕ ಬಂದು ಹೊಸ್ತಿಲ ಮೇಲೆ ಕೂತರು.
ಮೊಣಕಾಲು ಕೈಕೊಟ್ಟ ಮೇಲೆ ಅವರು ಕರಣೆ ಮುಟ್ಟಿಲ್ಲ,
ಬಾಯಿ ಮಾತ್ರ ಇನ್ನೂ ಕೆಲಸಕ್ಕೆ ಹೋಗುತ್ತದೆ.
‘ಗೋಡೆಯನ್ನು ನಂಬಬೇಡ ಮಗಳೇ.
ಈ ಗೋಡೆ ಕಟ್ಟಿದವನು ನಾನೇ.’

ಮೂರಡಿ ಇತ್ತ, ನಾಲ್ಕಡಿ ಅತ್ತ,
ಓರೆಯಲ್ಲಿ ಐದು ಬಂದರೆ ಮೂಲೆ ಮೂಲೆಯೇ.
ಬಂದದ್ದು ಐದರ ಮೇಲೆ ಮುಕ್ಕಾಲಿಂಚು.
ಇಷ್ಟು ವರ್ಷ ಈ ಸೊಟ್ಟ ಕೋಣೆಯಲ್ಲಿ ಕೂತು
ಊರಿನವರ ಬೆನ್ನು ಭುಜ ನೆಟ್ಟಗೆ ಹೊಲಿದೆನಲ್ಲ!

ಹಳೆಯ ಕೆಂಪು ನೆಲಕ್ಕೆ ಉಳಿಯಿಟ್ಟು ಹೊಡೆದೆ, ಎರಡು ದಿನ.
‘ಇನ್ನೂ ಗಾಯ ಮಾಡು. ನುಣುಪಿಗೆ ಯಾವುದೂ ಅಂಟುವುದಿಲ್ಲ.’
ಆಮೇಲೆ ನೀಲಿ ಪುಡಿಯ ನೂಲು ಎಳೆದು ಚಿಟ್ಟನೆ ಬಿಟ್ಟಾಗ
ನೆಲದ ಮೇಲೆ ಬಿದ್ದ ಗೆರೆ ನನ್ನ ಪರಿಚಯದ್ದು,
ಸೀಮೆಸುಣ್ಣದ ಅಣ್ಣನೋ ತಮ್ಮನೋ.

ಆದರೆ ಬಟ್ಟೆಗೆ ದಯೆಯಿದೆ.
ಎಳೆದರೆ ಒಂದೆಳೆ ಕೊಡುತ್ತದೆ, ಇಸ್ತ್ರಿಗೆ ಬಗ್ಗುತ್ತದೆ,
ಮುಂದೆ ದಪ್ಪಗಾಗುವವರಿಗೆಂದು
ಒಳಗೆ ಒಂದಿಂಚು ಮಡಚಿಟ್ಟಿರುತ್ತೇನೆ.
ಟೈಲ್ಸಿನ ಒಳಗೆ ಏನೂ ಮಡಚಿಲ್ಲ.
ಮೊದಲನೆಯದು ಗೆರೆ ಬಿಟ್ಟು ತನಗೆ ಬೇಕಾದಲ್ಲಿ ಸೀಳಿತು.
ಎರಡನೆಯದೂ.
ಮೂರನೆಯದಕ್ಕೆ ನಾನು ಉಸಿರು ಬಿಡಲಿಲ್ಲ.

‘ತುಂಡುಗಳನ್ನೆಲ್ಲ ಬೀರುವಿನ ಕಡೆಗೆ ಹಾಕು,
ಕೊಡವ ಸೀರೆಯ ನೆರಿಗೆಯ ಹಾಗೆ, ಹಿಂದಕ್ಕೆ.’
ಸೀರೆಯ ವಿಷಯ ನನಗೇ ಹೇಳುತ್ತಾರೆ!

ಹಲ್ಲಿನ ಕರಣೆಯಲ್ಲಿ ಅಂಟನ್ನು ಒಂದೇ ದಿಕ್ಕಿಗೆ ಬಾಚಿದೆ,
ಶಾಲೆಗೆ ಹೊರಟ ಮಗುವಿನ ತಲೆಯಂತೆ.
ಇಟ್ಟೆ, ಒತ್ತಿದೆ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದೆ,
ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ
ಬಂದಂತೆ ಮಾಡಿ ಆಚೆ ಹೋಯಿತು.
ಎತ್ತಿದೆ. ಮತ್ತೆ ಇಟ್ಟೆ.

ಅಷ್ಟರಲ್ಲಿ ಪೊನ್ನವ್ವ ಬಂದಳು. ಗುರುವಾರ ಮದುವೆ, ಬ್ಲೌಸು ಎಲ್ಲಿ?
ಒಂದು ಕಾಲು ಒಳಗಿಡುವವಳಿದ್ದಳು.
ನಾನೂ ಮೊಯ್ದಿಕ್ಕನೂ ಒಟ್ಟಿಗೆ ಕಿರುಚಿದ್ದಕ್ಕೆ
ಆ ಕಾಲು ಇನ್ನೂ ಗಾಳಿಯಲ್ಲೇ ಇದೆ ಅನ್ನಿಸುತ್ತದೆ.

‘ನಮ್ಮ ಥಂಡಿಗೆ ಪೆಟ್ಟಿಗೆಯಲ್ಲಿ ಬರೆದದ್ದು ಸಾಲದು, ಮೂರು ದಿನ ಬೇಕು.’
ಮೂರು ದಿನ ಅಡುಗೆಮನೆಯಲ್ಲಿ ಮಲಗಿದೆ, ಮಿಷನ್ನಿನ ಪಕ್ಕ.

ನಾಲ್ಕನೆಯ ದಿನ ಸುತ್ತಿಗೆಯ ಹಿಡಿಯಲ್ಲಿ
ಒಂದೊಂದನ್ನೇ ತಟ್ಟುತ್ತ ಹೋದೆ.
ಟಕ್. ಟಕ್. ಟಕ್.
ಕಿಟಕಿಯ ಕೆಳಗೆ, ಡಬ್.
ಬೇಗ ಮುಂದಿನದನ್ನು ತಟ್ಟಿದೆ.
ಮೊಯ್ದಿಕ್ಕ ಸುಲೈಮಾನಿ ಊದುತ್ತಿದ್ದರು.
ಊದುವುದು ನಿಂತಿತು.
ಮತ್ತೆ ಊದಿದರು.
‘ಚೆನ್ನಾಗಿ ಬಂದಿದೆ,’ ಅಂದರು.

ಹೋದ ವರ್ಷ ಅವರ ಮೊಮ್ಮಗಳ ನಿಕಾಹಿನ ದಿನ
ನಾನು ಕೂಡಿಸಿದ ತೋಳಿನ ಹೊಲಿಗೆ ಊಟದ ಹೊತ್ತಿಗೆ ಬಿಟ್ಟಿತ್ತಂತೆ.
ಹುಡುಗಿ ದುಪಟ್ಟಾ ಎಳೆದುಕೊಂಡೇ ಇದ್ದಳಂತೆ.
ಇದು ಬೇರೆ ಯಾರೋ ಹೇಳಿದ್ದು.
ಅವರ ಮನೆಯಿಂದ ನನಗೆ ಬಂದದ್ದು
ಒಂದು ಪಾತ್ರೆ ಬಿರಿಯಾನಿ, ಅಷ್ಟೇ.

ಮಿಷನ್ನನ್ನು ಈಗ ಕಿಟಕಿಯ ಬೆಳಕಿಗೆ ಇಟ್ಟಿದ್ದೇನೆ,
ಅದರ ಎಡಗಾಲು ಆ ಟೈಲಿನ ಮೇಲೆ.
ಉದ್ದದ ಹೊಲಿಗೆ ಓಡಿಸುವಾಗ ಕೆಳಗಿನಿಂದ
ಸಣ್ಣಗೆ ಡಬಡಬ ಕೇಳುತ್ತದೆ,
ಗೋಡೆಯಾಚೆ ಯಾರೋ ಕೆಮ್ಮುತ್ತಾರೆ.

ಪೊನ್ನವ್ವನ ತೋಳನ್ನು ಎರಡೆರಡು ಸಲ ಓಡಿಸಿದೆ.